ಮಳೆಗಾಲಕ್ಕೆ ಮೈಯಾಡಿಸುವ ಗೇಮ್: ನಿಮ್ಮ ಜಗುಲಿಗೆ ಯಾವುದು ಹೊಂದುತ್ತದೆ?

ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಕ್ಕಳಿಗೆ ಅಂಗಳವಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಂಗಳ ಪಾಚಿಗಟ್ಟಿ ಜಾರುತ್ತದೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಕಡಲು ಉಕ್ಕಿ, ಸಂಜೆ ಹೊತ್ತು ದಂಡೆಗೆ ಕಳಿಸುವ ಹಾಗಿಲ್ಲ. ಹಾಗಾಗಿ ಮೇ ತಿಂಗಳು ಬಂತೆಂದರೆ ಎಷ್ಟೋ ಮನೆಗಳಲ್ಲಿ ಇದೇ ಚರ್ಚೆ: ಕೂತು ಗುಂಡಿ ಒತ್ತುವ ಗೇಮ್ ಬೇಡ, ಕೈಕಾಲು ಆಡಿಸಿ ಬೆವರು ಹರಿಸುವಂಥದ್ದು ಬೇಕು. ಅದಕ್ಕೆ ಆಡುವವರ ಮೈಯನ್ನು ನೋಡುವ ಹಳೆಯ ಎಕ್ಸ್‌ಬಾಕ್ಸ್ ಕ್ಯಾಮೆರಾ ಕಿನೆಕ್ಟ್ ಸಾಕೇ? ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸ್ವಿಚ್ ತರಬೇಕೇ? ತಲೆಗೆ ಕಟ್ಟಿಕೊಂಡು ಕಣ್ಣೆದುರಿಗೇ ಗೇಮ್ ನೋಡುವ ವಿಆರ್‌ಗೇ ದುಡ್ಡು ಹಾಕಬೇಕೇ?

ಅಂಗಡಿಯವರು ಯಂತ್ರದಿಂದ ಮಾತು ಶುರು ಮಾಡುತ್ತಾರೆ. ನೀವು ಕೋಣೆಯಿಂದ ಶುರು ಮಾಡಿ. ಇಂಥ ಗೇಮ್ ಕೊಂಡು ತಿಂಗಳೊಳಗೆ ಅಟ್ಟಕ್ಕೇರಿಸಿದ ಮನೆಗಳಲ್ಲಿ ಬಹುತೇಕ ಯಂತ್ರದ್ದು ತಪ್ಪಿರುವುದಿಲ್ಲ. ಜಾಗ ಸಾಲದೆ, ಬೆಳಕು ಹೆಚ್ಚಾಗಿ, ಇಲ್ಲವೇ ಒಬ್ಬರು ಆಡುವಾಗ ಉಳಿದವರು ಬೇಸತ್ತು ಅದು ಮೂಲೆ ಸೇರಿರುತ್ತದೆ.

ಮೊದಲು ಟೇಪು ಹಿಡಿಯಿರಿ

ಟಿವಿ ಇರುವ ಗೋಡೆಯಿಂದ ಎದುರಿನ ಅಡ್ಡಿಯವರೆಗೆ, ಅಂದರೆ ಸೋಫಾ, ಮಂಚ, ಕಂಬ ಏನಿದೆಯೋ ಅಲ್ಲಿಯವರೆಗೆ, ಎಷ್ಟು ಅಡಿ ಖಾಲಿ ಇದೆ ಎಂದು ಅಳೆಯಿರಿ. ಟೀಪಾಯಿ ಸರಿಸಿ ಅಳೆಯಿರಿ, ಆದರೆ ದಿನಾ ಸರಿಸಲು ಆಗುವ ಸಾಮಾನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಪಾಟನ್ನು ದಿನಾ ಯಾರೂ ಸರಿಸುವುದಿಲ್ಲ. ಆಮೇಲೆ ಅಗಲ. ಎರಡೂ ಕೈ ಚಾಚಿ ನಿಂತು ಸುತ್ತ ತಿರುಗಿದಾಗ ಏನೂ ತಾಗಬಾರದು.

ಎತ್ತರವನ್ನು ಬಹಳ ಮಂದಿ ಮರೆಯುತ್ತಾರೆ. ದೊಡ್ಡವರೊಬ್ಬರು ಕೈ ಮೇಲೆತ್ತಿದರೆ ಬೆರಳ ತುದಿ ಸುಮಾರು 7 ಅಡಿಗೆ ಹೋಗುತ್ತದೆ, ಒಂದು ಜಿಗಿತ ಸೇರಿದರೆ 8 ಅಡಿ. ಆರ್‌ಸಿಸಿ ಮನೆಯಲ್ಲಿ ಫ್ಯಾನಿನ ರೆಕ್ಕೆ ಇರುವುದೂ ಹೆಚ್ಚುಕಡಿಮೆ ಅಲ್ಲೇ. ಘಟ್ಟದ ಮೇಲಿನ ಹಳೆಯ ಮನೆಗಳಲ್ಲಿ ಮೆತ್ತಿನ, ಅಂದರೆ ಹಲಗೆ ಹಾಸಿದ ಮೇಲಂತಸ್ತಿನ, ತೊಲೆ ಇನ್ನೂ ಕೆಳಗಿರುತ್ತದೆ. ಆಡುವ ಜಾಗ ಫ್ಯಾನಿನ ನೇರ ಕೆಳಗೆ ಬರದ ಹಾಗೆ ಗುರುತಿಸಿ, ಗಾಳಿಗೆ ಸ್ಟ್ಯಾಂಡ್ ಫ್ಯಾನ್ ಇಡಿ. ಕರಾವಳಿಯ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಹತ್ತು ನಿಮಿಷವೂ ಆಡಲಾಗದು, ಇದನ್ನೂ ಮೊದಲೇ ಯೋಚಿಸಿಕೊಳ್ಳಿ.

ಇನ್ನು ಬೆಳಕು. ಪಡುವಣಕ್ಕೆ ಕಿಟಕಿ ಇರುವ ಮನೆಗಳಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ, ಅಂದರೆ ಮಕ್ಕಳು ಶಾಲೆಯಿಂದ ಬಂದು ಆಡುವ ಹೊತ್ತಿಗೇ, ಬಿಸಿಲು ನೇರ ಒಳಗೆ ಬರುತ್ತದೆ. ಘಟ್ಟದ ಮೇಲಿನ ಹೆಂಚಿನ ಮನೆಗಳಲ್ಲಿ ಇದರ ಉಲ್ಟಾ: ಹಗಲಲ್ಲೂ ಒಳಗೆ ಮಬ್ಬು, ಬಾಗಿಲಲ್ಲಿ ಮಾತ್ರ ಕಣ್ಣು ಕುಕ್ಕುವ ಬೆಳಕು. ಈ ಎರಡು ಮನೆಗಳಿಗೆ ಒಂದೇ ಯಂತ್ರ ಸರಿಹೋಗದು.

ನೆಲ ಯಾವುದು? ಕೆಂಪು ಗಾರೆ ಮತ್ತು ಟೈಲ್ಸ್ ಬೆವರಿನ ಪಾದಕ್ಕೆ ಜಾರುತ್ತವೆ. ಮೆತ್ತಿನ ಹಲಗೆ ಕುಣಿದರೆ ಅದುರುತ್ತದೆ. ಫ್ಲ್ಯಾಟ್ ಆದರೆ ಕೆಳಗಿನ ಮನೆಯವರಿದ್ದಾರೆ. ಕರೆಂಟು ದಿನಕ್ಕೆಷ್ಟು ಸಲ ಹೋಗುತ್ತದೆ, ಇನ್ವರ್ಟರ್ ಎಷ್ಟು ಎಳೆಯುತ್ತದೆ? ಆಡುವವರು ಯಾರು, ಒಬ್ಬರೇ ಅರ್ಧ ಗಂಟೆ ವ್ಯಾಯಾಮ ಮಾಡುವವರೋ, ರಜೆಗೆ ಬಂದ ಆರು ಮೊಮ್ಮಕ್ಕಳೋ? ಈ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮುಂದೆ ಓದಿ.

ಯಂತ್ರ ಮೈಯನ್ನು ಗುರುತಿಸುವ ಬಗೆ

ಇರುವುದು ಮುಖ್ಯವಾಗಿ ಎರಡು ದಾರಿ. ಒಂದು, ಕೈಯಲ್ಲೋ ತೊಡೆಯಲ್ಲೋ ಇರುವ ಸಾಧನದೊಳಗಿನ ಸೆನ್ಸರ್ ಚಲನೆಯನ್ನು ಅಳೆಯುವುದು. ನಿಂಟೆಂಡೊದ ಹಳೆಯ ಯಂತ್ರ ವೀ, ಸ್ವಿಚ್, ಫೋನ್ ಹಿಡಿದು ಆಡುವ ಕುಣಿತದ ಗೇಮ್ ಜಸ್ಟ್ ಡ್ಯಾನ್ಸ್ ಈ ಗುಂಪಿನವು. ಇವಕ್ಕೆ ಬೆಳಕಿನ ಹಂಗು ಕಡಿಮೆ, ಜಾಗವೂ ಕಡಿಮೆ ಸಾಕು. ಆದರೆ ಸಾಧನ ಇರುವ ಅಂಗವಷ್ಟೇ ಅವಕ್ಕೆ ಗೊತ್ತಾಗುತ್ತದೆ. ಇನ್ನೊಂದು, ದೂರದಲ್ಲಿಟ್ಟ ಕ್ಯಾಮೆರಾ ಇಡೀ ಮೈಯನ್ನು ನೋಡುವುದು. ಕಿನೆಕ್ಟ್, ಲ್ಯಾಪ್‌ಟಾಪ್ ಅಥವಾ ಫೋನಿನ ಕ್ಯಾಮೆರಾ ಗೇಮ್‌ಗಳು ಹೀಗೆ ಕೆಲಸ ಮಾಡುತ್ತವೆ. ಕೈಯಲ್ಲಿ ಏನೂ ಬೇಡ, ಮೋಸ ಮಾಡುವುದು ಕಷ್ಟ, ಆದರೆ ಜಾಗ ಮತ್ತು ಬೆಳಕು ಎರಡೂ ಒದಗಿ ಬರಬೇಕು. ವಿಆರ್ ಇವೆರಡರ ಬೆರಕೆ. ಡ್ಯಾನ್ಸ್ ಮ್ಯಾಟ್ ಪಾದದ ಒತ್ತಡವನ್ನಷ್ಟೇ ನೋಡುತ್ತದೆ.

ಎಕ್ಸ್‌ಬಾಕ್ಸ್ 360 ಮತ್ತು ಕಿನೆಕ್ಟ್: ದೊಡ್ಡ ಹಾಲ್ ಇದ್ದವರಿಗೆ

2010ರ ನವೆಂಬರ್‌ನಲ್ಲಿ ಬಂದ ಈ ಕ್ಯಾಮೆರಾ ಇವತ್ತಿಗೂ ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಬದಲಾಗುತ್ತಲೇ ಇದೆ. ಅದಕ್ಕೆ ಕಾರಣವೂ ಇದೆ. ಕಿನೆಕ್ಟ್ ಅಡ್ವೆಂಚರ್ಸ್‌ನಲ್ಲಿ ತೆಪ್ಪ ನಡೆಸುವ ಆಟವೊಂದಿದೆ. ಇಬ್ಬರು ಅಕ್ಕಪಕ್ಕ ನಿಂತು ಎಡಕ್ಕೆ ಸರಿದರೆ ತೆಪ್ಪ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ, ಇಬ್ಬರೂ ಒಟ್ಟಿಗೆ ಹಾರಿದರೆ ತೆಪ್ಪವೂ ಹಾರುತ್ತದೆ. ಒಬ್ಬ ಎಡಕ್ಕೆ ಒಬ್ಬ ಬಲಕ್ಕೆ ಹೋದರೆ ತೆಪ್ಪ ಇಬ್ಬರ ಮಾತನ್ನೂ ಕೇಳುವುದಿಲ್ಲ. ಏನೂ ಹೇಳಿಕೊಡದೆಯೇ ಅಣ್ಣ ತಂಗಿ ಕೂಗಾಡಿಕೊಂಡು ಹೆಜ್ಜೆ ಹೊಂದಿಸಿಕೊಳ್ಳುತ್ತಾರೆ. ಮೂರು ಸುತ್ತು ಮುಗಿಯುವಷ್ಟರಲ್ಲಿ ಅಂಗಿ ಒದ್ದೆ. ಮಕ್ಕಳನ್ನು ಇಷ್ಟು ಸಲೀಸಾಗಿ ಓಡಾಡಿಸುವ ಗೇಮ್ ಇಷ್ಟು ಕಡಿಮೆ ದುಡ್ಡಿಗೆ ಬೇರೆ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ತೊಡಕು ಜಾಗದ್ದು. ಕಿನೆಕ್ಟ್ ಕ್ಯಾಮೆರಾದ ನೋಟ ಅಡ್ಡಕ್ಕೆ 57 ಡಿಗ್ರಿ, ಉದ್ದಕ್ಕೆ 43 ಡಿಗ್ರಿ. ಲೆಕ್ಕ ಹಾಕಿದರೆ 2 ಮೀಟರ್ ದೂರದಲ್ಲಿ ಅದಕ್ಕೆ ಕಾಣುವ ಎತ್ತರ ಸುಮಾರು ಒಂದೂವರೆ ಮೀಟರ್ ಮಾತ್ರ. ಮಕ್ಕಳಿಗೆ ಸಾಕು, ಐದೂವರೆ ಅಡಿಯ ಅಪ್ಪನ ಪಾದವೋ ತಲೆಯೋ ಹೊರಗುಳಿಯುತ್ತದೆ. 2.4 ಮೀಟರ್‌ಗೆ, ಅಂದರೆ 8 ಅಡಿಗೆ ಹಿಂದೆ ಸರಿದರೆ ಎತ್ತರ 1.9 ಮೀಟರ್, ಅಗಲ 2.6 ಮೀಟರ್ ಕಾಣುತ್ತದೆ. ಒಬ್ಬರಿಗೆ 6 ಅಡಿ, ಇಬ್ಬರಿಗೆ 8 ಅಡಿ ಎಂದು ಕಂಪನಿ ಹೇಳಿದ್ದು ಇದೇ ಕಾರಣಕ್ಕೆ. ಬೆನ್ನ ಹಿಂದೆ ಕಾಲಾಡಿಸಲು ಇನ್ನೆರಡು ಅಡಿ ಸೇರಿಸಿದರೆ ಒಟ್ಟು 10 ಅಡಿ. ಹಳೆಯ ಮನೆಗಳ ಜಗುಲಿ ಉದ್ದವಾಗಿದ್ದರೂ ಅಗಲ ಕಡಿಮೆ. ಅಂಥಲ್ಲಿ ಟಿವಿಯನ್ನು ಅಡ್ಡಗೋಡೆಗೆ, ಅಂದರೆ ಜಗುಲಿಯ ಉದ್ದಕ್ಕೆ ಮುಖ ಮಾಡಿ ಇಟ್ಟರೆ ಮಾತ್ರ ಸಾಧ್ಯ.

ಇದು ಕಣ್ಣಿಗೆ ಕಾಣದ ಅವಗೆಂಪು ಚುಕ್ಕಿಗಳನ್ನು ಕೋಣೆ ತುಂಬ ಚೆಲ್ಲಿ, ಅವು ಬಿದ್ದ ರೀತಿಯಿಂದ ದೂರ ಅಳೆಯುತ್ತದೆ. ಆದ್ದರಿಂದ ಮಬ್ಬುಗತ್ತಲೆ ಇದಕ್ಕೆ ತೊಂದರೆಯೇ ಅಲ್ಲ, ಘಟ್ಟದ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ನೇರ ಬಿಸಿಲು ಬಿದ್ದರೆ ಮಾತ್ರ ಆ ಚುಕ್ಕಿಗಳು ಮುಳುಗಿಹೋಗಿ ಆಡುವವರ ಕೈಕಾಲು ಪರದೆ ಮೇಲೆ ಎಲ್ಲೆಲ್ಲೋ ತಿರುಚಿಕೊಳ್ಳುತ್ತವೆ. ಪಡುವಣದ ಕಿಟಕಿಗೆ ದಪ್ಪ ಪರದೆ ಹಾಕದೆ ಸಂಜೆ ಆಡಲಾಗದು. ಆಟಗಾರರ ಹಿಂದೆ ದೊಡ್ಡ ಕನ್ನಡಿ, ಗಾಜಿನ ಷೋಕೇಸ್ ಇದ್ದರೂ ಗೊಂದಲವಾಗುತ್ತದೆ.

ಬಟ್ಟೆಯನ್ನೂ ನೋಡಿಕೊಳ್ಳಿ. ಎರಡು ಕಾಲು ಬೇರೆಬೇರೆಯಾಗಿ ಕಾಣದಿದ್ದರೆ ಕಿನೆಕ್ಟ್‌ಗೆ ಮೊಣಕಾಲು ಸಿಗುವುದಿಲ್ಲ. ಸೀರೆ, ನೈಟಿ, ಲುಂಗಿ ಉಟ್ಟವರನ್ನು ಅದು ಅರೆಬರೆ ಹಿಡಿಯುತ್ತದೆ. ಪ್ಯಾಂಟು, ಚೂಡಿದಾರ ಆದರೆ ಸರಿ. ಪಂಚೆಯಾದರೆ ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿಕೊಳ್ಳಿ. ಅಜ್ಜಿಯನ್ನು ಆಟಕ್ಕೆ ಸೇರಿಸಬೇಕೆಂಬ ಆಸೆಯಿಂದಲೇ ಕೊಳ್ಳುವವರು ಇದೊಂದು ಕಾರಣಕ್ಕೆ ಕಿನೆಕ್ಟ್ ಬಿಟ್ಟು ಮುಂದಿನ ಆಯ್ಕೆಗೆ ಹೋಗುವುದು ಒಳ್ಳೆಯದು.

ಜೋಡಿಸುವಾಗ ಕ್ಯಾಮೆರಾವನ್ನು ನೆಲದಿಂದ 2 ಅಡಿಗಿಂತ ಮೇಲೆ, 6 ಅಡಿಗಿಂತ ಕೆಳಗೆ, ಟಿವಿಯ ಅಂಚಿಗೆ ಸಮೀಪ ಇಡಿ. ಸ್ಪೀಕರ್ ಮೇಲಾಗಲಿ, ಅದುರುವ ಮರದ ಹಲಗೆ ಮೇಲಾಗಲಿ ಬೇಡ. ಮೆತ್ತಿನ ಮೇಲೆ ಆಡುವವರು ಕ್ಯಾಮೆರಾಕ್ಕೆ ಗೋಡೆಗೆ ಬ್ರ್ಯಾಕೆಟ್ ಹೊಡೆದರೆ ಒಳಿತು, ಇಲ್ಲದಿದ್ದರೆ ಜಿಗಿದಾಗೆಲ್ಲ ಚಿತ್ರ ಕುಣಿಯುತ್ತದೆ. ಅದರ ಕುತ್ತಿಗೆಯೊಳಗೆ ಮೋಟರ್ ಇದೆ, ಕೈಯಿಂದ ಬಗ್ಗಿಸಿ ಹಲ್ಲು ಮುರಿಯಬೇಡಿ.

ಕೊಳ್ಳುವಾಗ 2010ರ ನಂತರದ ಎಸ್ ಅಥವಾ ಇ ಮಾದರಿಯನ್ನೇ ಕೇಳಿ. ಅವುಗಳ ಹಿಂಬದಿಯಲ್ಲಿ ಕಿನೆಕ್ಟ್‌ಗೆಂದೇ ಪೋರ್ಟ್ ಇದೆ. ಅದಕ್ಕೂ ಹಳೆಯ ದಪ್ಪ ಮಾದರಿಗೆ ಕಿನೆಕ್ಟ್ ಜೋಡಿಸಲು ಬೇರೆ ಪವರ್ ಅಡಾಪ್ಟರ್ ಬೇಕು, ಅದನ್ನು ಹುಡುಕುವುದೇ ಒಂದು ಕೆಲಸ. ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿದೆ, ಹೀಗಾಗಿ ಹೊಸದಾಗಿ ಗೇಮ್ ಕೊಳ್ಳುವುದು ಡಿಸ್ಕ್‌ನಲ್ಲೇ. ಯಂತ್ರದ ಜೊತೆ ಕಿನೆಕ್ಟ್ ಅಡ್ವೆಂಚರ್ಸ್, ಕಿನೆಕ್ಟ್ ಸ್ಪೋರ್ಟ್ಸ್, ಡ್ಯಾನ್ಸ್ ಸೆಂಟ್ರಲ್ ಡಿಸ್ಕ್ ಕೊಡುವವರಿದ್ದರೆ ಸ್ವಲ್ಪ ಹೆಚ್ಚು ದುಡ್ಡಾದರೂ ಅವರ ಹತ್ತಿರವೇ ಕೊಳ್ಳಿ.

2013ರ ಎಕ್ಸ್‌ಬಾಕ್ಸ್ ಒನ್ ಜೊತೆ ಬಂದ ಎರಡನೇ ಕಿನೆಕ್ಟ್‌ನ ನೋಟ ಇನ್ನೂ ಅಗಲ, ಕಡಿಮೆ ಜಾಗದಲ್ಲಿ ಇಡೀ ಮೈ ಹಿಡಿಯುತ್ತದೆ. ಆದರೆ ಅದಕ್ಕಾಗಿ ಬಂದ ಗೇಮ್‌ಗಳು ಬಹಳ ಕಡಿಮೆ. ನಂತರದ ಒನ್ ಎಸ್, ಒನ್ ಎಕ್ಸ್‌ಗಳಲ್ಲಿ ಅದರ ಪೋರ್ಟೇ ಇಲ್ಲ, ಅಡಾಪ್ಟರ್ ತಯಾರಿಕೆಯೂ ನಿಂತಿದೆ. ಈಗಿನ ಸೀರೀಸ್ ಎಕ್ಸ್, ಸೀರೀಸ್ ಎಸ್‌ಗಳಿಗೆ ಕಿನೆಕ್ಟ್ ಕೂಡುವುದೇ ಇಲ್ಲ.

ನಿಂಟೆಂಡೊ ಸ್ವಿಚ್: ಹೆಚ್ಚಿನ ಮನೆಗಳಿಗೆ ಇದೇ

ಬಜೆಟ್ ಒಪ್ಪಿದರೆ ಹತ್ತರಲ್ಲಿ ಏಳೆಂಟು ಮನೆಗಳಿಗೆ ನಾವು ಹೇಳುವುದು ಸ್ವಿಚ್. ಕಾರಣ ನೇರ: ಬೆಳಕು ಹೇಗಿದ್ದರೂ ನಡೆಯುತ್ತದೆ, ಟಿವಿಯಿಂದ ಐದಾರು ಅಡಿ ಇದ್ದರೆ ಸಾಕು, ಸೀರೆ ಉಟ್ಟವರೂ ಕೂತವರೂ ಆಡಬಹುದು, ಕರೆಂಟು ಹೋದರೆ ಆಟ ಅಳಿಯುವುದಿಲ್ಲ.

ಇದರಲ್ಲಿ ಎರಡು ಬೇರೆಬೇರೆ ಬಗೆಯ ಗೇಮ್‌ಗಳಿವೆ, ಗೊಂದಲ ಮಾಡಿಕೊಳ್ಳಬೇಡಿ. 2022ರ ಏಪ್ರಿಲ್‌ನಲ್ಲಿ ಬಂದ ಸ್ವಿಚ್ ಸ್ಪೋರ್ಟ್ಸ್ ಮನೆಮಂದಿಗೆಲ್ಲ. ಟೆನಿಸ್, ಬೌಲಿಂಗ್, ಬ್ಯಾಡ್ಮಿಂಟನ್, ವಾಲಿಬಾಲ್ ಎಲ್ಲ ಇದೆ. ಒಬ್ಬೊಬ್ಬರಿಗೆ ಒಂದೊಂದು ಜಾಯ್‌ಕಾನ್, ಅಂದರೆ ಕೈಯಲ್ಲಿ ಹಿಡಿಯುವ ಕಂಟ್ರೋಲರ್, ಬೇಕು. ಡಬ್ಬಿಯಲ್ಲಿ ಬರುವುದು ಎರಡು. ನಾಲ್ವರು ಟೆನಿಸ್ ಆಡಬೇಕೆಂದರೆ ಇನ್ನೊಂದು ಜೊತೆಯ ಖರ್ಚು ಸೇರಿಸಿಕೊಳ್ಳಿ. ಬೌಲಿಂಗ್ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಒಗ್ಗುತ್ತದೆ, ಕುರ್ಚಿಯಲ್ಲಿ ಕೂತೇ ಕೈ ಬೀಸಿದರೂ ನಡೆಯುತ್ತದೆ. ಆದರೆ ಮಕ್ಕಳು ಬಲುಬೇಗ ಒಂದು ಗುಟ್ಟು ಕಲಿಯುತ್ತಾರೆ: ಇಡೀ ತೋಳು ಬೀಸಬೇಕಿಲ್ಲ, ಮಣಿಕಟ್ಟು ಚಿಮ್ಮಿಸಿದರೆ ಸಾಕು. ಅಲ್ಲಿಗೆ ವ್ಯಾಯಾಮ ಮುಗಿಯಿತು. ವ್ಯಾಯಾಮಕ್ಕಾಗಿಯೇ ಕೊಳ್ಳುವವರು ಇದೊಂದನ್ನೇ ನಂಬಬೇಡಿ.

ವ್ಯಾಯಾಮಕ್ಕೆ ಇರುವುದು 2019ರ ರಿಂಗ್ ಫಿಟ್ ಅಡ್ವೆಂಚರ್. ಜೊತೆಗೆ ಬರುವ ಬಳೆಯಾಕಾರದ ಉಪಕರಣಕ್ಕೆ ಬಲ ಜಾಯ್‌ಕಾನ್ ಸಿಕ್ಕಿಸಬೇಕು, ಎಡದ್ದನ್ನು ಪಟ್ಟಿಯಲ್ಲಿ ಹಾಕಿ ಎಡತೊಡೆಗೆ ಕಟ್ಟಬೇಕು. ಬಳೆಯನ್ನು ಎಷ್ಟು ಜೋರಾಗಿ ಒತ್ತುತ್ತೀರಿ, ಎಳೆಯುತ್ತೀರಿ ಎಂದು ಅದರೊಳಗಿನ ಸೆನ್ಸರ್ ಅಳೆಯುತ್ತದೆ. ತೊಡೆಯ ಪಟ್ಟಿ ಓಟ, ಬಸ್ಕಿ, ಮೊಣಕಾಲೆತ್ತುವುದನ್ನು ಗುರುತಿಸುತ್ತದೆ. ಇಲ್ಲಿ ಮಣಿಕಟ್ಟಿನ ಗುಟ್ಟು ನಡೆಯುವುದಿಲ್ಲ. ಶುರುವಿನಲ್ಲೇ ನಿಮ್ಮ ಬಲ ಎಷ್ಟೆಂದು ಒತ್ತಿಸಿ ನೋಡಿ ಅಳತೆ ಕೂರಿಸುತ್ತದೆ, ಕಷ್ಟದ ಮಟ್ಟವನ್ನು 1ರಿಂದ 30ರವರೆಗೆ ಏರಿಸಬಹುದು. ದಿನಾ ಬಸ್ಕಿ ಹೊಡೆಯದವರು 10ರ ಆಸುಪಾಸಿನಲ್ಲಿ ಶುರು ಮಾಡಿ, ಮೊದಲ ದಿನವೇ 20ಕ್ಕೆ ಹೋದರೆ ಮರುದಿನ ಮೆಟ್ಟಿಲು ಇಳಿಯಲಾಗದು. ಸಾಹಸಯಾತ್ರೆಯ ಭಾಗ ಒಬ್ಬರಿಗೇ. ಆದರೆ ಕನ್ಸೋಲ್‌ನಲ್ಲಿ ಬೇರೆಬೇರೆ ಯೂಸರ್ ಮಾಡಿಕೊಂಡರೆ ಅಪ್ಪ, ಅಮ್ಮ, ಮಗ ತಂತಮ್ಮ ಯಾತ್ರೆ ಮುಂದುವರಿಸಬಹುದು.

ಕಾರವಾರದ ಫ್ಲ್ಯಾಟ್‌ಗಳಲ್ಲಿರುವವರು, ಮೆತ್ತಿನ ಮೇಲೆ ಆಡುವವರು ಸೆಟ್ಟಿಂಗ್ಸ್‌ನಲ್ಲಿ ಸೈಲೆಂಟ್ ಮೋಡ್ ಹಾಕಿಕೊಳ್ಳಿ. ಓಡುವ ಬದಲು ಮೊಣಕಾಲು ಬಗ್ಗಿಸಿ ಏಳುವುದರಿಂದಲೇ ಪಾತ್ರ ಮುಂದೆ ಸಾಗುತ್ತದೆ, ಧಡಧಡ ಸದ್ದಿಲ್ಲ. ಇಂಥ ಅನುಕೂಲ ಕಿನೆಕ್ಟ್‌ನ ಜಿಗಿತದ ಆಟಗಳಲ್ಲಿಲ್ಲ.

ತಪ್ಪು ಆಗುವುದು ಎಲ್ಲಿ? ಒಂದು, ಸ್ವಿಚ್ ಲೈಟ್ ಕೊಳ್ಳುವುದರಲ್ಲಿ. ಅಗ್ಗ ಎಂದು ತಂದರೆ ಅದಕ್ಕೆ ಟಿವಿ ಜೋಡಣೆಯಿಲ್ಲ, ಜಾಯ್‌ಕಾನ್ ಕಳಚಿ ಬರುವುದಿಲ್ಲ. ಈ ಕೆಲಸಕ್ಕೆ ಅದು ಬೇಡವೇ ಬೇಡ. ಎರಡು, 2025ರ ಜೂನ್‌ನಲ್ಲಿ ಬಂದ ಸ್ವಿಚ್ 2. ಅದರ ಹೊಸ ಜಾಯ್‌ಕಾನ್ ದೊಡ್ಡದು, ರಿಂಗ್ ಫಿಟ್‌ನ ಬಳೆಗೆ ಕೂರದು. ಹಳೆಯ ಜಾಯ್‌ಕಾನ್ ಜೊತೆಯೊಂದು ಬೇಕೇ ಬೇಕು, ಅದನ್ನು ಚಾರ್ಜ್ ಮಾಡಲು ಚಾರ್ಜಿಂಗ್ ಗ್ರಿಪ್ ಕೂಡ. ಮೈಯಾಡಿಸುವ ಗೇಮ್‌ಗಾಗಿ ಮಾತ್ರ ಆದರೆ ಹಳೆಯ ಸ್ವಿಚ್ ಅಥವಾ ಒಎಲ್‌ಇಡಿ ಮಾದರಿಯೇ ಲೇಸು. ಮೂರು, ಜಾಯ್‌ಕಾನ್‌ನ ಕಡ್ಡಿ ಸವೆದು ಮುಟ್ಟದೆಯೇ ಒಂದು ಕಡೆ ಎಳೆಯುವ ಡ್ರಿಫ್ಟ್. ಇದರಿಂದ ಚಲನೆ ಗುರುತಿಸುವುದು ಕೆಡುವುದಿಲ್ಲ, ಮೆನುವಿನಲ್ಲಿ ಮಾತ್ರ ಕಾಟ. ಬ್ಯಾಟು ಓರೆ ಹೋಗುತ್ತಿದೆ ಎನ್ನಿಸಿದರೆ ಅದು ಬೇರೆ ತೊಂದರೆ: ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ಸ್ ಆಂಡ್ ಸೆನ್ಸರ್ಸ್‌ಗೆ ಹೋಗಿ ಮೋಷನ್ ಕ್ಯಾಲಿಬ್ರೇಷನ್ ಆರಿಸಿ, ಜಾಯ್‌ಕಾನನ್ನು ಅಲುಗದ ಮೇಜಿನ ಮೇಲೆ ಇಟ್ಟರೆ ಸರಿಹೋಗುತ್ತದೆ.

ನಮ್ಮಲ್ಲಿ ಸಿಗುವ ಸ್ವಿಚ್‌ಗಳು ಆಮದಾದವು, ವಾರಂಟಿ ಅಂಗಡಿಯವರ ಮಾತಿನ ಮೇಲೆ. ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಮೆರಿಕದಲ್ಲಿ ಸ್ವಿಚ್ ಬಿಡುಗಡೆ ಬೆಲೆ 299 ಡಾಲರ್, ರಿಂಗ್ ಫಿಟ್‌ನದು 80 ಡಾಲರ್ ಇತ್ತು. ಇಲ್ಲಿ ಅದರ ಮೇಲೆ ಆಮದು ಖರ್ಚು ಸೇರುತ್ತದೆ. ದುಬೈಯಿಂದಲೋ ಅಮೆರಿಕದಿಂದಲೋ ರಜೆಗೆ ಬರುವ ನೆಂಟರಿದ್ದರೆ ಅವರ ಕೈಯಲ್ಲಿ ತರಿಸಬಹುದು. ಗೇಮ್‌ಗಳಿಗೆ ದೇಶದ ಬೀಗವಿಲ್ಲ, ಅಡಾಪ್ಟರ್ 100ರಿಂದ 240 ವೋಲ್ಟ್‌ಗೆ ಒಗ್ಗುತ್ತದೆ, ಪಿನ್ ಬದಲಿಸುವ ಕನ್ವರ್ಟರ್ ಇದ್ದರೆ ಮುಗಿಯಿತು. ಆ ಅಡಾಪ್ಟರ್ ಹೆಚ್ಚೆಂದರೆ 39 ವಾಟ್ ಕೊಡುವಂಥದ್ದು, ಎಕ್ಸ್‌ಬಾಕ್ಸ್ 360 ಎಸ್‌ನದು 135 ವಾಟ್‌ನದು. ಇನ್ವರ್ಟರ್ ಮೇಲೆ ಬದುಕುವ ಹಳ್ಳಿಮನೆಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಟಿವಿಯೇ ಆರಿದರೂ ಸ್ವಿಚ್‌ನ ಸ್ವಂತ ಪರದೆಯನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ರಿಂಗ್ ಫಿಟ್ ಮುಂದುವರಿಸಬಹುದು.

ವೀ: ಎಲ್ಲಕ್ಕಿಂತ ಕಡಿಮೆ ದುಡ್ಡಿಗೆ

2006ರ ವೀ ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಮಾತ್ರ. ವೀ ಸ್ಪೋರ್ಟ್ಸ್ ಒಂದೇ ಸಾಕು, ಮಳೆಗಾಲ ಕಳೆಯುತ್ತದೆ. ಚಿಕ್ಕ ಕೋಣೆಗೂ ಆಗುತ್ತದೆ. ಮೇಲೆ ನಿಂತು ಸಮತೋಲ ಕಲಿಯುವ ಬ್ಯಾಲೆನ್ಸ್ ಬೋರ್ಡ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಅದು 150 ಕೆಜಿ ತನಕ ತಡೆಯುತ್ತದೆ.

ಆದರೆ ಅಮೆರಿಕದಿಂದ ಬಂದ ವೀಯನ್ನು ನೇರವಾಗಿ ಇಲ್ಲಿನ ಪ್ಲಗ್ಗಿಗೆ ಚುಚ್ಚಬೇಡಿ. ಅದರ ಅಡಾಪ್ಟರ್ 120 ವೋಲ್ಟ್‌ನದು, ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. 12 ವೋಲ್ಟ್, 3.7 ಆಂಪಿಯರ್ ಕೊಡುವ, ವೀ ಪಿನ್ನಿನ ಅಡಾಪ್ಟರ್ ಬದಲಿಸಿಕೊಳ್ಳಬೇಕು. ಡಿಸ್ಕ್‌ಗಳಿಗೂ ದೇಶದ ಬೀಗ ಇದೆ, ಅಮೆರಿಕದ ವೀಗೆ ಯುರೋಪಿನ ಡಿಸ್ಕ್ ನಡೆಯದು. ಎಚ್‌ಡಿಎಂಐ ಇಲ್ಲ. ಹೊಸ ಟಿವಿಯಲ್ಲಿ ಕೆಂಪು, ಬಿಳಿ, ಹಳದಿ ಪಿನ್ನಿನ ಜಾಗ ಇಲ್ಲದಿದ್ದರೆ ಕನ್ವರ್ಟರ್ ಬೇಕು.

ಟಿವಿ ಮೇಲಿಡುವ ಸೆನ್ಸರ್ ಬಾರ್ ಹೆಸರಿಗೆ ಮಾತ್ರ ಸೆನ್ಸರ್. ಅದರಲ್ಲಿರುವುದು ಎರಡು ಬದಿಗೆ ಅವಗೆಂಪು ದೀಪಗಳಷ್ಟೆ, ಅವನ್ನು ನೋಡುವ ಕಣ್ಣು ಕೈಯಲ್ಲಿ ಹಿಡಿದು ಆಡುವ ವೀ ರಿಮೋಟ್‌ನೊಳಗಿದೆ. ಹಾಗಾಗಿ ಟಿವಿ ಪಕ್ಕದಲ್ಲೇ ದೇವರ ಗೂಡಿದ್ದು ಎಣ್ಣೆದೀಪ ಉರಿಯುತ್ತಿದ್ದರೆ ರಿಮೋಟ್ ಅದನ್ನೂ ಬಾರ್ ಎಂದೇ ತಿಳಿದು ಪರದೆ ಮೇಲಿನ ಕೈ ಅತ್ತಿತ್ತ ಹಾರುತ್ತದೆ. ದೀಪ ರಿಮೋಟ್‌ನ ನೋಟಕ್ಕೆ ಬೀಳದ ಕಡೆಗೆ ಟಿವಿ ಸರಿಸಿದರೆ ಸಾಕು.

ವಿಆರ್: ಒಬ್ಬರಿಗೆ ಅದ್ಭುತ, ಮನೆಗೆ ಅಲ್ಲ

ಮೆಟಾ ಕ್ವೆಸ್ಟ್ 3, ಕ್ವೆಸ್ಟ್ 3ಎಸ್ ತಲೆಗೆ ಕಟ್ಟಿಕೊಂಡು ಬೀಟ್ ಸೇಬರ್‌ನಲ್ಲಿ ತಾಳಕ್ಕೆ ಸರಿಯಾಗಿ ಪೆಟ್ಟಿಗೆಗಳನ್ನು ಕತ್ತರಿಸುವುದು ನಿಜಕ್ಕೂ ಮೈಮರೆಸುವ ವ್ಯಾಯಾಮ. ಓಡಾಡುವ ಆಟಗಳಿಗೆ 2 ಮೀಟರ್‌ಗೆ 2 ಮೀಟರ್ ಖಾಲಿ ಜಾಗ ಬೇಕು, ನಿಂತಲ್ಲೇ ಆಡುವುದಕ್ಕೆ ಅಷ್ಟು ಬೇಡ. ಟಿವಿಯೇ ಬೇಕಿಲ್ಲ.

ಆದರೆ ಆಡುವವರು ಒಬ್ಬರು, ಉಳಿದವರು ಕಾಯುವವರು. 10 ವರ್ಷದೊಳಗಿನ ಮಕ್ಕಳಿಗೆ ಕಂಪನಿಯೇ ಬೇಡ ಎನ್ನುತ್ತದೆ. ಚಾರ್ಜ್ ಹೆಚ್ಚುಕಡಿಮೆ ಎರಡು ಗಂಟೆ ಬರುತ್ತದೆ. ಅರ್ಧ ಕೆಜಿ ತೂಕ ಮುಖಕ್ಕೆ ಒತ್ತಿಕೊಂಡಿರುವಾಗ ನಮ್ಮ ಜೂನ್ ಸೆಕೆಗೆ ಬೆವರು ಇಳಿದು ಲೆನ್ಸ್ ಮಂಜಾಗುತ್ತದೆ. ಸಿಲಿಕೋನ್ ಕವರ್ ಹಾಕಿ, ಆಡುವ ಐದು ನಿಮಿಷ ಮೊದಲೇ ಆನ್ ಮಾಡಿಟ್ಟರೆ ಒಳಗೆ ಬೆಚ್ಚಗಾಗಿ ಮಂಜು ಕಡಿಮೆಯಾಗುತ್ತದೆ. ಕಿಟಕಿ ಕಟ್ಟೆಯ ಮೇಲೆ ಲೆನ್ಸ್ ಮೇಲ್ಮುಖವಾಗಿ ಇಟ್ಟು ಮರೆತರೆ ಬಿಸಿಲು ಲೆನ್ಸಿನ ಮೂಲಕ ಒಳಗಿನ ಪರದೆಯನ್ನು ಸುಡುತ್ತದೆ, ಅದಕ್ಕೆ ರಿಪೇರಿ ಇಲ್ಲ. ಇದರ ಕ್ಯಾಮೆರಾಗಳು ಕೋಣೆಯನ್ನು ನೋಡಿಯೇ ಜಾಗ ಗುರುತಿಸುವುದರಿಂದ ಕತ್ತಲೆಯಲ್ಲೂ, ದೊಡ್ಡ ಕನ್ನಡಿಯ ಮುಂದೆಯೂ ದಾರಿ ತಪ್ಪುತ್ತದೆ. ಅಮೆರಿಕದಲ್ಲಿ 3ಎಸ್ ಬಿಡುಗಡೆ ಬೆಲೆ 300 ಡಾಲರ್. ಒಂಟಿಯಾಗಿರುವ ಉದ್ಯೋಗಿಗೆ, ಹಾಸ್ಟೆಲ್ ದಾಟಿ ಸ್ವಂತ ಕೋಣೆ ಮಾಡಿದವರಿಗೆ ಇದು ಸರಿ. ಆರು ಮಕ್ಕಳ ಮನೆಗೆ ಬೇಡ.

ಉಳಿದವು

ಮನೆಯಲ್ಲಿ ಈಗಾಗಲೇ ಪ್ಲೇಸ್ಟೇಷನ್ 5 ಇದ್ದರೆ ಬೇರೆ ಯಂತ್ರ ಕೊಳ್ಳುವ ಮೊದಲು ಜಸ್ಟ್ ಡ್ಯಾನ್ಸ್ ಹಾಕಿ ನೋಡಿ. ಫೋನೇ ಕಂಟ್ರೋಲರ್, ಆರು ಜನ ಒಟ್ಟಿಗೆ ಕುಣಿಯಬಹುದು. ಅದು ಅಂಕ ಕೊಡುವುದು ಬಲಗೈ ನೋಡಿ ಮಾತ್ರ. ನೆಟ್ ಕೈಕೊಟ್ಟರೆ ಫೋನ್ ಜೋಡಣೆಯೂ ಕೈಕೊಡುತ್ತದೆ. ಬೆವರಿನ ಕೈಯಿಂದ ಫೋನ್ ಟಿವಿಗೆ ಹಾರದಂತೆ ದಾರವಿರುವ ಕವರ್ ಹಾಕಿ.

ಡ್ಯಾನ್ಸ್ ಮ್ಯಾಟ್ ಅಗ್ಗ, ಗಟ್ಟಿಮುಟ್ಟಲ್ಲ. ಯುಎಸ್‌ಬಿ ಮ್ಯಾಟ್ ಕೊಂಡು ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಸ್ಟೆಪ್‌ಮೇನಿಯಾ ಹಾಕಿಕೊಂಡರೆ ಕೆಲಸ ಆಯಿತು. ಕೆಂಪು ಗಾರೆಯ ಮೇಲೆ ಜಾರುವುದರಿಂದ ಕೆಳಗೆ ರಬ್ಬರಿನ ಯೋಗ ಮ್ಯಾಟ್ ಹಾಸಿ. ಮಡಚಿದರೆ ಮಡಿಕೆಯಲ್ಲಿ ಒಳಗಿನ ಹಾಳೆ ಸೀಳುತ್ತದೆ, ಸುರುಳಿ ಸುತ್ತಿಡಿ.

ಖರ್ಚೇ ಬೇಡ ಎನ್ನುವವರಿಗೆ ಲ್ಯಾಪ್‌ಟಾಪಿನ ಕ್ಯಾಮೆರಾ ಸಾಕು. ಬ್ರೌಸರಿನಲ್ಲೇ ನಡೆಯುವ ಇಂಥ ಗೇಮ್‌ಗಳು ಈಗ ಬಹಳ. ಇವುಗಳಲ್ಲಿ ಹಲವಕ್ಕೆ ಬುನಾದಿಯಾದ ಗೂಗಲ್‌ನ ಮೀಡಿಯಾಪೈಪ್ ಒಂದೇ ಸಾಮಾನ್ಯ ಕ್ಯಾಮೆರಾದಿಂದ ಮೈಯ 33 ಬಿಂದು ಗುರುತಿಸುತ್ತದೆ. ಸುಮಾರು ಮೂರಡಿ ಎತ್ತರದ ಸ್ಟೂಲಿನ ಮೇಲೆ ಇಟ್ಟು, ಏಳೆಂಟು ಅಡಿ ದೂರ ನಿಲ್ಲಿ. ಕ್ಯಾಮೆರಾದ ಹಿಂದಿನಿಂದ ಬೆಳಕು ನಿಮ್ಮ ಮುಖಕ್ಕೆ ಬರಲಿ. ಜಗುಲಿಯ ತೆರೆದ ಬಾಗಿಲಿಗೆ ಬೆನ್ನು ಮಾಡಿ ನಿಂತರೆ ನೀವು ಕರಿ ನೆರಳಾಗಿ ಕಾಣುತ್ತೀರಿ, ಕೈಕಾಲು ಸಿಗುವುದಿಲ್ಲ. ಮಕ್ಕಳ ವಿಡಿಯೊ ಹೊರಗೆ ಹೋಗುತ್ತದೆಯೇ ಎಂಬ ಅನುಮಾನ ಇದ್ದರೆ, ಗೇಮ್ ತೆರೆದುಕೊಂಡ ಮೇಲೆ ನೆಟ್ ಆಫ್ ಮಾಡಿ. ಆಗಲೂ ಕೈಕಾಲು ಗುರುತಿಸುತ್ತಿದ್ದರೆ ಲೆಕ್ಕಾಚಾರ ನಿಮ್ಮ ಲ್ಯಾಪ್‌ಟಾಪಿನೊಳಗೇ ನಡೆಯುತ್ತಿದೆ ಎಂದಾಯಿತು. ವಿಡಿಯೊವನ್ನು ಉಳಿಸಿಟ್ಟು ಆಮೇಲೆ ಕಳಿಸುವುದಿಲ್ಲ ಎಂದು ಅಷ್ಟರಿಂದಲೇ ಹೇಳಲಾಗದು, ಅದಕ್ಕೆ ಆ ಗೇಮ್‌ನ ಪ್ರೈವೆಸಿ ನಿಯಮವನ್ನೂ ಓದಿಕೊಳ್ಳಿ.

ಚೀಟಿ ತೆಗೆದು ಹೊಂದಿಸಿ

ಹತ್ತಡಿ ಉದ್ದದ ಜಾಗ, ಬಿಸಿಲು ಬೀಳದ ಹಾಲ್, ಎರಡರಿಂದ ನಾಲ್ಕು ಮಕ್ಕಳು, ಕಡಿಮೆ ದುಡ್ಡು ಎಂದು ಬರೆದಿದ್ದರೆ ಎಕ್ಸ್‌ಬಾಕ್ಸ್ 360 ಕಿನೆಕ್ಟ್. ಅದೇ ಮಕ್ಕಳು, ಆದರೆ ಜಾಗ ಆರಡಿ ಮಾತ್ರ, ದುಡ್ಡೂ ಕಡಿಮೆ ಎಂದಾದರೆ ವೀ. ಫ್ಲ್ಯಾಟ್, ಪಡುವಣದ ಕಿಟಕಿ, ಹಿರಿಯರೂ ಸೇರಿ ಆಡಬೇಕು, ಪದೇ ಪದೇ ಕರೆಂಟು ಹೋಗುತ್ತದೆ, ಇವುಗಳಲ್ಲಿ ಯಾವ ಎರಡು ಸೇರಿದರೂ ಸ್ವಿಚ್. ದೊಡ್ಡವರೊಬ್ಬರು ನಿತ್ಯ ಅರ್ಧ ಗಂಟೆ ಬೆವರಿಳಿಸಬೇಕೆಂದಿದ್ದರೆ ಸ್ವಿಚ್ ಜೊತೆ ರಿಂಗ್ ಫಿಟ್‌ಗೇ ಮೊದಲು ದುಡ್ಡು ಹಾಕಿ, ಸ್ಪೋರ್ಟ್ಸ್ ಆಮೇಲೆ ಕೊಂಡರಾಯಿತು. ಮಕ್ಕಳಿಗೆ ಇದು ರುಚಿಸುತ್ತದೋ ಇಲ್ಲವೋ ಎಂಬುದೇ ಅನುಮಾನವಿದ್ದರೆ ಲ್ಯಾಪ್‌ಟಾಪಿನಲ್ಲಿ ಎರಡು ವಾರ ಆಡಿಸಿ ನೋಡಿ. ಮಂಡಿನೋವು, ಎದೆಯ ತೊಂದರೆ ಇರುವವರು ಯಾವುದನ್ನೇ ಆಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಕೊಳ್ಳುವ ದಿನ, ಮತ್ತು ಮಳೆಯಲ್ಲಿ ಕಾಪಾಡುವುದು

ಸೆಕೆಂಡ್ ಹ್ಯಾಂಡ್ ಆದರೆ ಆದಷ್ಟೂ ಆನ್‌ಲೈನ್ ಬೇಡ. ಕಾರವಾರದವರಿಗೆ ಮಡಗಾಂವ್, ಶಿರಸಿ ಕಡೆಯವರಿಗೆ ಹುಬ್ಬಳ್ಳಿ ಹತ್ತಿರ, ಹೋಗಿ ಆಡಿ ನೋಡಿಯೇ ತನ್ನಿ. ನಿಮ್ಮದೇ ಡಿಸ್ಕ್ ಇದ್ದರೆ ಒಯ್ದು ಅರ್ಧ ಗಂಟೆ ಓಡಿಸಿ. ಡಿಸ್ಕ್ ಓದುವ ಲೆನ್ಸ್ ಕೆಟ್ಟಿದ್ದರೆ ಬಿಸಿಯಾದ ಮೇಲೆಯೇ ಗೊತ್ತಾಗುವುದು. ಕಿನೆಕ್ಟ್‌ನ ಕುತ್ತಿಗೆ ತಾನಾಗಿ ಮೇಲೆ ಕೆಳಗೆ ಆಡುತ್ತದೆಯೇ, ಗಾಜಿನೊಳಗೆ ಬಿಳಿ ಎಳೆಯಂಥ ಬೂಷ್ಟು ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಕರಾವಳಿಯಲ್ಲಿದ್ದ ಯಂತ್ರವಾದರೆ ಪೋರ್ಟ್‌ಗಳ ಲೋಹಕ್ಕೆ ಹಸಿರು ತುಕ್ಕು ಹಿಡಿದಿರಬಹುದು. ವೀ ರಿಮೋಟ್‌ನ ಬ್ಯಾಟರಿ ಮುಚ್ಚಳ ತೆಗೆದು ಸ್ಪ್ರಿಂಗ್ ಮೇಲೆ ಬಿಳಿಪುಡಿ ಇದೆಯೇ ಪರೀಕ್ಷಿಸಿ. ಅಡಾಪ್ಟರಿನ ಮೇಲೆ ಇನ್‌ಪುಟ್ ಎಷ್ಟು ವೋಲ್ಟ್ ಎಂದು ಬರೆದಿದೆ ಎಂದು ಓದದೆ ದುಡ್ಡು ಕೊಡಬೇಡಿ.

ಮನೆಗೆ ತಂದ ಮೇಲೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಇಲ್ಲದಿದ್ದರೆ ಕೈ ಬೀಸಿದ್ದು ತಡವಾಗಿ ಕಾಣುತ್ತದೆ. ಆಡುವ ಗಡಿಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿ, ಚಿಕ್ಕವರು ಗೆರೆಯಾಚೆಯೇ ನಿಲ್ಲಲಿ. ಬೀಸುವಾಗ ಕಂಟ್ರೋಲರಿನ ಮಣಿಕಟ್ಟಿನ ದಾರ ಬಿಗಿದೇ ಇರಬೇಕು. ಬರಿಗಾಲಲ್ಲಿ ಆಡಿಸಿ, ಕಾಲುಚೀಲ ಹಾಕಿದರೆ ಗಾರೆಯ ಮೇಲೆ ಬೀಳುವುದು ಖಂಡಿತ.

ಗುಡುಗು ಶುರುವಾದರೆ ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ, ಟಿವಿಗೆ ಬಂದ ಡಿಶ್ ಅಥವಾ ಕೇಬಲ್ ವಯರನ್ನೂ ಬಿಚ್ಚಿ. ಸಿಡಿಲಿನ ಹೊಡೆತ ಆ ವಯರಿನಿಂದ ಟಿವಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಕನ್ಸೋಲ್‌ಗೆ ದಾಟುತ್ತದೆ. ವಾರಕ್ಕಿಂತ ಹೆಚ್ಚು ಆಡದಿದ್ದರೆ ರಿಮೋಟ್‌ಗಳ ಬ್ಯಾಟರಿ ಹೊರಗೆ ತೆಗೆಯಿರಿ. ರಿಂಗ್ ಫಿಟ್ ಬಳೆಯ ಹಿಡಿಕೆಯ ಬಟ್ಟೆ ಕಳಚಿ ಕೈಯಲ್ಲಿ ತೊಳೆಯಬಹುದು, ನೆರಳಲ್ಲಿ ಪೂರ್ತಿ ಒಣಗಿದ ಮೇಲೆಯೇ ಹಾಕಿ. ಕಿನೆಕ್ಟ್, ವಿಆರ್, ಜಾಯ್‌ಕಾನ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಕ್ಕಿ ಬೇಡ, ಅದರ ಹುಡಿ ಸಂದುಗಳಿಗೆ ಸೇರುತ್ತದೆ. ಬಣ್ಣ ಬದಲಾಗುವ ಜೆಲ್ ಸಿಕ್ಕಿದರೆ ಅದನ್ನೇ ಕೊಳ್ಳಿ. ಬಣ್ಣ ಬದಲಾದ ಕೂಡಲೇ ಪೊಟ್ಟಣದ ಮೇಲೆ ಹೇಳಿದ ರೀತಿಯಲ್ಲಿ ಒಣಗಿಸಿ ಮತ್ತೆ ಹಾಕಿದರೆ ಇಡೀ ಮಳೆಗಾಲಕ್ಕೆ ಬರುತ್ತದೆ.